ಹಳದಿ ಅಣಬೆ ಹೇಳಿದ ಚಾಡಿ

"ಬಿಡು! ಬಾಯಿಗೆ ಹಾಕ್ಬೇಡ... ಬಿಡು ಅಂದೆ!"

ಹಲ್ಲಿನ ಕ್ಲಿನಿಕ್ಕಿನಲ್ಲಿ ಸರದಿಗಾಗಿ ಕಾದಿದ್ದ ಏಳು ಮಂದಿಯೂ ಒಮ್ಮೆಲೇ ತಲೆ ಎತ್ತಿದರು. ಮೇಜಿನ ಹಿಂದೆ ಕೂತು ಟೋಕನ್ ಕೊಡುವವಳು ಇಷ್ಟು ಜೋರಾಗಿ ಕೂಗಿದ್ದನ್ನು ಅವರಲ್ಲಿ ಯಾರೂ ಕೇಳಿರಲಿಲ್ಲ. ಅವಳೀಗ ನೆಲಕ್ಕೆ ಮೊಣಕಾಲೂರಿ, ಮೂರು ವರ್ಷದ ಒಂದು ಹುಡುಗಿಯ ಮುಷ್ಟಿ ಬಿಡಿಸುತ್ತಿದ್ದಳು.

ಮುಷ್ಟಿಯಿಂದ ಹೊರಬಿದ್ದದ್ದು ಒಂದು ಅಣಬೆ. ಮಾಗಿದ ನಿಂಬೆಹಣ್ಣಿನಷ್ಟು ಹಳದಿ!

ಮಗು ಅತ್ತಿತು. ಊದಿದ ಕೆನ್ನೆ ಹಿಡಿದುಕೊಂಡೇ ಮಗುವಿನ ತಾಯಿಯೂ ಅತ್ತಳು.

ಕಿಟಕಿಯ ಕೆಳಗಿನ ದೊಡ್ಡ ಕುಂಡದಲ್ಲಿ, ಗಿಡದ ಬುಡಕ್ಕೆ ಅಂಟಿಕೊಂಡಂತೆ ಅಂಥವೇ ಇನ್ನೂ ಎಂಟು ಹತ್ತು ನಿಂತಿದ್ದವು. ನಿನ್ನೆ ಬಾಗಿಲು ಹಾಕುವಾಗ ಒಂದೂ ಇರಲಿಲ್ಲ. ಅವಳು ಹಿಂದುಮುಂದು ನೋಡದೆ ಎಲ್ಲವನ್ನೂ ಕಿತ್ತು ಕಸದ ಡಬ್ಬಿಗೆ ಹಾಕಿದಳು. ಬೆರಳಿಗೆಲ್ಲ ಹಳದಿ ಪುಡಿ ಮೆತ್ತಿತು.

"ಅಯ್ಯೋ... ಕಿತ್ತೇಬಿಟ್ರಾ?"

ಬಾಗಿಲಲ್ಲಿ ನೀರಿನ ಕ್ಯಾನು ಹಿಡಿದ ಒಬ್ಬ ನಿಂತಿದ್ದ. ನಲವತ್ತರ ಆಸುಪಾಸು. ಅಂಗಿಯ ತೋಳಿಗೆ ಒಣಗಿದ ಮಣ್ಣು.

"ಈ ಕುಂಡ ತಂದಿಟ್ಟೋರು ನೀವೇನಾ?" ಅವಳು ಎದ್ದು ನಿಂತಳು.

"ಹೌದು ಮೇಡಂ, ನಮ್ಮ ನರ್ಸರಿದು. ಇನ್ಮೇಲೆ ಪ್ರತಿ ಮಂಗಳವಾರ ಬಂದು ನೀರು ಹಾಕೋನು ನಾನೇ."

"ನೀರು ಹಾಕೋದಿರಲಿ, ವಿಷ ತಂದಿಟ್ಟಿದೀರಲ್ಲ! ಬುದ್ಧಿ ಇದೆಯಾ ನಿಮಗೆ?"

ಅವನು ಮೊದಲು ಮಗುವಿನ ಮುಂದೆ ಕುಕ್ಕುರುಗಾಲಲ್ಲಿ ಕೂತ. "ಎಲ್ಲಿ ಪುಟ್ಟಾ, ಆ ಅನ್ನು... ಇನ್ನೂ ದೊಡ್ಡದಾಗಿ... ನಾಲಿಗೇಲಿ ಹಳದಿ ಇಲ್ಲ. ತಿಂದಿಲ್ಲಮ್ಮ, ಹೆದರ್ಕೋಬೇಡಿ." ತನ್ನ ಕರವಸ್ತ್ರ ಒದ್ದೆ ಮಾಡಿ ಮಗುವಿನ ಕೈ ಒರೆಸಿದ. ಆಮೇಲೆ ಎದ್ದು ಇವಳ ಕಡೆ ತಿರುಗಿದ.

"ನೀವು ಬೈದಿದ್ದು ಸರಿ. ತಿಂದ್ರೆ ಹೊಟ್ಟೆ ಕೆಡುತ್ತೆ. ಮಕ್ಕಳು ಬರೋ ಜಾಗದಲ್ಲಿ ಕುಂಡಾನ ನೆಲದ ಮೇಲೆ ಇಟ್ಟಿದ್ದು ನಮ್ಮದೇ ತಪ್ಪು. ಆದ್ರೆ ಗಿಡಕ್ಕೆ ಇದರಿಂದ ಏನೂ ತೊಂದರೆ ಇಲ್ಲ ಮೇಡಂ. ಇವತ್ತು ಏಳುತ್ತೆ, ನಾಳೆ ಸಂಜೆಗೆ ತಾನೇ ಮುದುಡಿ ಹೋಗುತ್ತೆ. ಅಷ್ಟೇ ಅದರ ಆಯಸ್ಸು. ಅದಕ್ಕೇ ಅಯ್ಯೋ ಅಂದೆ."

ಸಿಟ್ಟು ಮಾಡುವವರ ಮುಂದೆ ತಪ್ಪು ಒಪ್ಪಿಕೊಂಡುಬಿಟ್ಟರೆ ಸಿಟ್ಟು ಎಲ್ಲಿಗೆ ಹೋಗಬೇಕು? ಅವಳು ತನ್ನ ಹಳದಿ ಬೆರಳು ನೋಡಿಕೊಂಡಳು.

ಅವನು ಮೂಲೆಯಲ್ಲಿದ್ದ ಎತ್ತರದ ಸ್ಟೂಲು ಎಳೆದು, ಆ ಭಾರದ ಕುಂಡವನ್ನು ಒಬ್ಬನೇ ಅದರ ಮೇಲಕ್ಕೆ ಏರಿಸಿದ.

ಆ ದಿನ ಮಧ್ಯಾಹ್ನದವರೆಗೂ ಅವಳು ಟೋಕನ್ ಸಂಖ್ಯೆಗಳನ್ನು ತಪ್ಪು ಕೂಗುತ್ತಲೇ ಇದ್ದಳು.

* * *

ಅವಳಿಗೆ ಮೂವತ್ತನಾಲ್ಕು. ಅಣ್ಣ ಅತ್ತಿಗೆಯ ಮನೆಯಲ್ಲಿ ಇದ್ದವಳು. ಬೀದಿಯವರಿಗೆಲ್ಲ ಅವಳು ಟೋಕನ್ ಮೇಡಂ. ಅವನು ಎಲ್ಲರಿಗೂ ಗಿಡದವನು.

ಮಂಗಳವಾರ ಅವನು ಬರುವ ಹೊತ್ತಿಗೇ ಕ್ಲಿನಿಕ್ಕಿನಲ್ಲಿ ಜನ ಹೆಚ್ಚು. ಮಾತಾಡಲು ಪುರುಸೊತ್ತು ಸಿಗುತ್ತಿರಲಿಲ್ಲ. ಅದಕ್ಕೇ ಅವಳು ಒಂದು ಉಪಾಯ ಮಾಡಿದಳು. ಪ್ರತಿ ಕುಂಡದಲ್ಲೂ ಗಿಡದ ಹೆಸರು ಬರೆಯಲು ಬೆರಳುದ್ದದ ಬಿಳಿ ಪ್ಲಾಸ್ಟಿಕ್ ಪಟ್ಟಿ ಸಿಕ್ಕಿಸಿರುತ್ತಾರಲ್ಲ, ಅದರ ಬೆನ್ನಿನ ಮೇಲೆ ಬರೆಯತೊಡಗಿದಳು. "ಈ ಎಲೆ ಗುರುವಾರದಿಂದ ಬಾಡಿದೆ." "ಇದಕ್ಕೆ ಬಿಸಿಲು ಸಾಲದು." "ಇದರಲ್ಲಿ ಇರುವೆ."

ಅವಳ ಅಕ್ಷರಗಳೂ ಇರುವೆಗಳೇ! ಒಂದೇ ಪುಟದಲ್ಲಿ ಮೂವತ್ತು ರೋಗಿಗಳ ಹೆಸರು, ಹಲ್ಲು, ಹೊತ್ತು ಎಲ್ಲ ಹಿಡಿಸಿ ಹಿಡಿಸಿ ಕೈಗೆ ಆ ಅಭ್ಯಾಸ ಅಂಟಿತ್ತು. "ನಿನ್ನ ಬರಹ ಓದೋಕೆ ನನ್ನ ಹಲ್ಲು ನೋಡೋ ಕನ್ನಡೀನೇ ತರಬೇಕು ಕಣಮ್ಮ" ಎಂದು ಡಾಕ್ಟರಮ್ಮ ಛೇಡಿಸುತ್ತಿದ್ದರು.

ಗಿಡದವನು ಮಾತ್ರ ಯಾವತ್ತೂ ದೂರಲಿಲ್ಲ. ಪಟ್ಟಿ ಕಿತ್ತು, ಫೋಟೋ ನೋಡುವವನಂತೆ ತೋಳು ಚಾಚಿ ಹಿಡಿದು, ನಕ್ಕು, ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದ. "ಮನೇಲಿ ನಿಧಾನವಾಗಿ ಓದ್ತೀನಿ ಮೇಡಂ." ಮುಂದಿನ ಮಂಗಳವಾರ ಅವಳು ಬರೆದಿದ್ದೆಲ್ಲ ಅಚ್ಚುಕಟ್ಟಾಗಿ ಆಗಿರುತ್ತಿತ್ತು.

ನನ್ನ ಮಾತನ್ನು ಇಷ್ಟು ಗಮನ ಕೊಟ್ಟು ಯಾರು ಕೇಳಿದ್ದರು...?

ಅವನು ಹೇಳಿದ್ದನ್ನು ಅವಳೂ ಮರೆಯುತ್ತಿರಲಿಲ್ಲ. "ಕುಂಡದಿಂದ ಕೆಳಗಿನ ತಟ್ಟೆಗೆ ಇಳಿಯೋ ನೀರು ಚೆಲ್ಲಬೇಡಿ ಮೇಡಂ, ಗೊಬ್ಬರದ ಸಾರ ಎಲ್ಲ ಅದರಲ್ಲೇ ಇರುತ್ತೆ" ಎಂದಿದ್ದ. ಅಂದಿನಿಂದ ಪ್ರತಿ ಮಂಗಳವಾರ ಸಂಜೆ ತಟ್ಟೆಯ ನೀರನ್ನು ಒಂದು ಬಾಟಲಿಗೆ ತುಂಬಿಕೊಂಡು ಕೆಳಗಿಳಿಯುವಳು. ನೆಲಮಹಡಿಯಲ್ಲಿ ಯಾವುದೋ ಅಂಗಡಿಗೆ ಮರಗೆಲಸ ನಡೆದಿತ್ತು. ಮೆಟ್ಟಿಲ ತಿರುವಿನಲ್ಲಿ ಯಾರದೋ ಮೂರು ನಾಲ್ಕು ಕರಿ ಕುಂಡಗಳು ಧೂಳು ತಿನ್ನುತ್ತಾ ಬಿದ್ದಿದ್ದವು. ಬಾಟಲಿ ಅವುಗಳಿಗೆ ಬಗ್ಗಿಸಿ ಮನೆಗೆ ಹೋಗುವಳು.

ಹಳದಿ ಅಣಬೆ ಮತ್ತೆ ಬಂತು. ಈ ಸಲ ಅವಳು ಕೀಳಲಿಲ್ಲ. ಅದು ಹುಟ್ಟಿದ ಬೆಳಿಗ್ಗೆ ಕುಪ್ಪಿಯ ಬಿರಡೆಯಂತೆ ಇದ್ದದ್ದು, ಮಧ್ಯಾಹ್ನ ಕೊಡೆ ಬಿಚ್ಚಿದ್ದು, ಮರುದಿನ ತಲೆ ತಗ್ಗಿಸಿದ್ದು ಎಲ್ಲವನ್ನೂ ನೋಡಿದಳು.

"ನಿಮಗೆ ಇಷ್ಟ ಆಯ್ತಾ?" ಅವನ ಮುಖ ಅರಳಿತು.

ಮುಂದಿನ ವಾರ ಅವಳಿಗೆಂದೇ ಒಂದು ಪುಟ್ಟ ಕುಂಡ ತಂದ. "ಆ ದೊಡ್ಡ ಕುಂಡದ ಮಣ್ಣೇ ಒಂದು ಹಿಡಿ ಹಾಕಿದೀನಿ. ಈ ಅಣಬೆ ಮಣ್ಣಿನ ಜೊತೆ ಬರುತ್ತೆ ಮೇಡಂ. ನಮ್ಮ ನರ್ಸರೀಲಿ ಬೇರೆಲ್ಲೂ ಇಲ್ಲ. ಗಿರಾಕಿಗಳು ಹೆದರ್ತಾರೆ, ಯಾರಿಗೂ ಕೊಡಲ್ಲ." ಸ್ವಲ್ಪ ತಡೆದು ಹೇಳಿದ, "ನಿಮಗೊಬ್ಬರಿಗೇ."

ನಿಮಗೊಬ್ಬರಿಗೇ!

ಆ ಪದ ಅವಳ ಜೊತೆ ಬಸ್ಸು ಹತ್ತಿತು. ಅವಳ ಜೊತೆ ಊಟಕ್ಕೆ ಕೂತಿತು.

"ಏನೇ ಪುಟ್ಟಿ, ಕನ್ನಡಿ ಮುಂದೆ ಮಣ್ಣಿನ ಕುಂಡ?" ಅತ್ತಿಗೆ ಹುಬ್ಬು ಹಾರಿಸಿದಳು. "ಕೊಟ್ಟೋರು ಯಾರು?"

"ಗಿಡದವರು. ಅಣಬೆ ಬರುತ್ತಂತೆ."

"ಪುಣ್ಯವಂತೆ ಕಣೆ! ನಿಮ್ಮಣ್ಣ ಇಷ್ಟು ವರ್ಷದಲ್ಲಿ ನನಗೆ ಒಂದು ನಾಯಿಕೊಡೇನೂ ತಂದುಕೊಟ್ಟಿಲ್ಲ."

ಒಳಕೋಣೆಯಿಂದ ಅಣ್ಣ ಕೆಮ್ಮಿದ. ಇಬ್ಬರೂ ಬಾಯಿ ಮುಚ್ಚಿಕೊಂಡು ನಕ್ಕರು.

* * *

ಒಂದು ಸೋಮವಾರ ಇಡೀ ಅವಳು ಒಂದೇ ಒಂದು ಪಟ್ಟಿ ಬರೆದಳು. ಬರೆದು, ಅಳಿಸಿ, ಮತ್ತೆ ಬರೆದು...

"ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನಿಮ್ಮ ನರ್ಸರಿಗೆ ಬರಲೇ? ಗಿಡ ನೋಡಲು ಅಲ್ಲ. ಬೇಡವೆಂದರೆ ಏನೂ ಹೇಳಬೇಡಿ. ನನಗೆ ಅರ್ಥವಾಗುತ್ತದೆ."

ಮಂಗಳವಾರ ಅದನ್ನು ಕುಂಡಕ್ಕೆ ಸಿಕ್ಕಿಸಲು ಧೈರ್ಯ ಬರಲಿಲ್ಲ. ಕೈಗೇ ಕೊಟ್ಟಳು. "ಇದನ್ನ ಯಾರ ಮುಂದೆಯೂ ಓದ್ಬೇಡಿ. ನೀವೊಬ್ಬರೇ ಓದಿ."

ಅವನು ತೋಳು ಚಾಚಿ ನೋಡಿದ. ಹತ್ತಿರ ತಂದ. ಮತ್ತೆ ದೂರ ಹಿಡಿದ. ಅವನ ಮುಖ ಯಾಕೋ ಕಳೆಗುಂದಿತು.

"ಒಬ್ಬನೇನಾ ಮೇಡಂ?"

"ಒಬ್ಬರೇ."

"ಹೂಂ..." ಎಂದು ಜೇಬಿಗೆ ಹಾಕಿಕೊಂಡು ಹೊರಟುಹೋದ.

ಓದಿದನಲ್ಲ! ಕಣ್ಣೆದುರೇ ಓದಿ, ಏನೂ ಹೇಳದೆ ಹೋದನಲ್ಲ!

ಇಲ್ಲ, ಭಾನುವಾರಕ್ಕೆ ಇನ್ನೂ ಐದು ದಿನ ಇದೆ. ಫೋನ್ ಮಾಡಬಹುದು... ಮೇಜಿನ ಮೇಲಿನ ಫೋನು ರಿಂಗಾದಾಗಲೆಲ್ಲ ಅವಳು ತಟ್ಟನೆ ಎತ್ತಿದಳು. ಪ್ರತಿ ಸಲವೂ ಯಾರದೋ ಹಲ್ಲುನೋವು.

ಗುರುವಾರ ಮಧ್ಯಾಹ್ನ ಅವಳು ಕೆಳಗಿಳಿದಾಗ ನೆಲಮಹಡಿಯ ಅಂಗಡಿ ಝಗಮಗಿಸುತ್ತಿತ್ತು. ಹೊಸ ಕನ್ನಡಕದಂಗಡಿ! ಗಾಜಿನ ಗೋಡೆ, ಬಿಳಿ ದೀಪ, ಗೋಡೆ ತುಂಬ ಕನ್ನಡಿ.

ಒಳಗೆ ಗಿಡದವನು ಕೂತಿದ್ದ!

ಇಂದು ಮಂಗಳವಾರ ಅಲ್ಲ. ಕೈಯಲ್ಲಿ ನೀರಿನ ಕ್ಯಾನು ಇಲ್ಲ. ತೋಳಿನಲ್ಲಿ ಮಣ್ಣಿಲ್ಲ, ಅಂಗಿ ಇಸ್ತ್ರಿ ಮಾಡಿದ್ದು! ಅವನೆದುರು ಅಂಗಡಿಯ ಒಡತಿ ನಿಂತಿದ್ದಳು. ನೀಳ ಕುತ್ತಿಗೆ, ನಗುಮುಖ. ಎರಡು ಬೆರಳಲ್ಲಿ ಅವನ ಗಲ್ಲ ಹಿಡಿದು ಮುಖವನ್ನು ಆಚೆ ಈಚೆ ತಿರುಗಿಸುತ್ತಿದ್ದಳು. ಅವನು ಏನೋ ಅಂದ. ಅವಳು ತಲೆ ಹಿಂದಕ್ಕೆ ಹಾಕಿ ನಕ್ಕಳು.

ಒಂದು ಕನ್ನಡಿಯಲ್ಲಿ ಅಲ್ಲ... ಎಂಟು ಕನ್ನಡಿಯಲ್ಲಿ ನಕ್ಕಳು. ಎಂಟರಲ್ಲೂ ಅವಳ ಪಕ್ಕ ಅವನೇ!

ಟೋಕನ್ ಮೇಡಂಗೆ ಬಸ್ ನಿಲ್ದಾಣದವರೆಗೆ ಹೋದ ಮೇಲೆ, ತಾನು ಊಟ ತರಲು ಇಳಿದಿದ್ದು ಎಂದು ನೆನಪಾಯಿತು.

ಕನ್ನಡಕ ಕೊಳ್ಳಲು ಬಂದಿದ್ದಾನೆ, ಅಷ್ಟೇ. ಊರಲ್ಲಿ ಇನ್ನೆಷ್ಟು ಕನ್ನಡಕದಂಗಡಿ ಇಲ್ಲ? ಇಲ್ಲಿಗೇ ಯಾಕೆ ಬರಬೇಕು? ಇಸ್ತ್ರಿ ಅಂಗಿ ಯಾಕೆ? ನನ್ನ ಮುಂದೆ ಯಾವತ್ತಾದರೂ ಇಸ್ತ್ರಿ ಅಂಗಿ ಹಾಕಿದ್ದನಾ?

ಭಾನುವಾರ ಹತ್ತು ಗಂಟೆಗೆ ಅವಳು ಸೀರೆ ಉಟ್ಟು, ಪುಟ್ಟ ಕುಂಡದ ಮುಂದೆ ಕೂತಿದ್ದಳು. ಫೋನು ಬರಲಿಲ್ಲ. ಹನ್ನೊಂದಕ್ಕೆ ಎದ್ದು ಸೀರೆ ಮಡಚಿಟ್ಟಳು.

ಅತ್ತಿಗೆ ಅದನ್ನು ನೋಡಿದಳು. ಆ ಮಧ್ಯಾಹ್ನದ ಪಾತ್ರೆಯನ್ನೆಲ್ಲ ತಾನೇ ತೊಳೆದಳು.

ಮಂಗಳವಾರ ಅವನು ಬಂದ. ನೀರು ಹಾಕಿ, ಮೇಜಿನ ಮುಂದೆ ಬಂದು ನಿಂತ. "ಮೇಡಂ... ಆ ಪಟ್ಟಿ... ನನಗೆ ಇನ್ನೊಂದು ಸ್ವಲ್ಪ ದಿನ..."

"ಬೇಡ. ಅರ್ಥ ಆಯ್ತು." ಅವಳು ತಲೆ ಎತ್ತಲಿಲ್ಲ. "ಟೋಕನ್ ಹನ್ನೊಂದು! ಒಳಗೆ ಹೋಗಿ."

ಹನ್ನೊಂದನೆಯವರು ಅದಾಗಲೇ ಹಲ್ಲು ಕೀಳಿಸಿಕೊಂಡು ಮನೆಗೆ ಹೋಗಿದ್ದರು.

ಶುಕ್ರವಾರ ಅವನು ಮತ್ತೆ ಆ ಅಂಗಡಿಯಿಂದ ಹೊರಬಂದದ್ದನ್ನು ಅವಳು ಮೇಲಿನ ಕಿಟಕಿಯಿಂದ ನೋಡಿದಳು. ಬಾಗಿಲವರೆಗೂ ಬಂದು ಬೀಳ್ಕೊಟ್ಟಳು ಆ ನೀಳ ಕುತ್ತಿಗೆಯವಳು! ಗಿರಾಕಿಗಳನ್ನೆಲ್ಲ ಬಾಗಿಲವರೆಗೆ ಬಿಟ್ಟು ಬರ್ತಾಳಾ ಅವಳು? ಟೋಕನ್ ಮೇಡಂಗೆ ತಡೆಯಲಾಗಲಿಲ್ಲ. ಕಣ್ಣು ತೋರಿಸುವ ನೆಪ ಮಾಡಿಕೊಂಡು ಇಳಿದಳು.

"ಬನ್ನಿ ಬನ್ನಿ! ಮೇಲಿನ ಕ್ಲಿನಿಕ್ಕಿನವರಲ್ವಾ?" ಒಡತಿ ಕುರ್ಚಿ ಎಳೆದಳು. "ಬಿಸಿಲಲ್ಲಿ ಬಂದ ಹಾಗಿದೆ, ನೀರು ಕುಡೀತೀರಾ?"

ಟೋಕನ್ ಮೇಡಂ ಬಾಯಿ ತೆರೆದವಳು ತೆರೆದ ಹಾಗೇ ನಿಂತಳು.

ಕಿಟಕಿಯ ಬಳಿ ಸಾಲಾಗಿ ನಾಲ್ಕು ಪಿಂಗಾಣಿ ಕುಂಡ. ಹಾಲಿನಂತೆ ಬಿಳಿ. ಎರಡನೆಯದರಲ್ಲಿ, ಗಿಡದ ಬುಡದಲ್ಲಿ... ಒಂದು, ಎರಡು, ಮೂರು.

ಹಳದಿ ಅಣಬೆ!

"ಇದು... ಎಲ್ಲಿಂದ ಬಂತು?" ಅವಳ ದನಿ ಅವಳಿಗೇ ಕೇಳಲಿಲ್ಲ.

"ಮುದ್ದಾಗಿದೆ ಅಲ್ವಾ? ಎಲ್ಲ ನಿಮ್ಮ ಗಿಡದವರ ಕೈಗುಣ. ಎಂಥ ಮನುಷ್ಯ ಅಂತೀರಾ! ನನಗೆ ಅಷ್ಟು ಉಪಕಾರ ಮಾಡಿದಾರೆ, ಕೇಳಿದ್ರೆ ನಾನಲ್ಲ ಅಂತಾರೆ. ನಾಚಿಕೆ ಪಾಪ!"

ಈ ಅಣಬೆ ಮಣ್ಣಿನ ಜೊತೆ ಬರುತ್ತೆ ಮೇಡಂ... ಯಾರಿಗೂ ಕೊಡಲ್ಲ... ನಿಮಗೊಬ್ಬರಿಗೇ.

ಮನುಷ್ಯರ ಬಾಯಿ ಸುಳ್ಳು ಹೇಳಬಹುದು. ಅಣಬೆ ಸುಳ್ಳು ಹೇಳುತ್ತದೆಯೇ?

ಅವಳಿಗೆ ಹೊಟ್ಟೆಯಲ್ಲಿ ಬೆಂಕಿ ಹೊತ್ತಿಕೊಂಡಂತಾಯಿತು. ಒಡತಿ ಕೊಟ್ಟ ತಣ್ಣೀರು ಅದನ್ನು ಆರಿಸಲಿಲ್ಲ.

ಅಂದು ಮನೆಗೆ ಬಂದವಳೇ ಪುಟ್ಟ ಕುಂಡವನ್ನು ಎತ್ತಿ ಹಿತ್ತಲ ಬಾಗಿಲಾಚೆ ಇಟ್ಟು ಚಿಲಕ ಹಾಕಿದಳು. ಒಣಗಲಿ! ಮರುದಿನ, ಶನಿವಾರ, ಡಾಕ್ಟರಮ್ಮನ ಮುಂದೆ ನಿಂತಳು.

"ಡಾಕ್ಟರಮ್ಮ, ಆ ಕುಂಡಗಳನ್ನ ವಾಪಸ್ ಕಳಿಸಿಬಿಡೋಣ. ನಿನ್ನೆ... ನಿನ್ನೆ ಇನ್ನೊಂದು ಮಗು ಅಣಬೆ ಕಿತ್ತು ಬಾಯಿಗೆ ಹಾಕ್ಕೊಂಡಿತ್ತು."

ಜೀವನದಲ್ಲಿ ಅವಳು ಹೇಳಿದ ಮೊದಲ ದೊಡ್ಡ ಸುಳ್ಳು ಅದು.

ಡಾಕ್ಟರಮ್ಮ ಮಾಸ್ಕಿನ ಮೇಲಿಂದ ಅವಳನ್ನು ನೋಡಿದರು. "ಅಷ್ಟೆತ್ತರದ ಸ್ಟೂಲಿನ ಮೇಲಿಂದ?"

"ಹೂಂ."

"ಒಳ್ಳೆ ಉದ್ದದ ಮಗು" ಎಂದರು. ಆದರೂ ನರ್ಸರಿಗೆ ಫೋನ್ ಮಾಡಿ ಹೇಳಿದರು. ಮಂಗಳವಾರ ಬಂದು ಕುಂಡಗಳನ್ನೆಲ್ಲ ತೆಗೆದುಕೊಂಡು ಹೋಗುವುದೆಂದು ತೀರ್ಮಾನವಾಯಿತು.

ಇನ್ನು ಅವನು ಈ ಮೆಟ್ಟಿಲು ಹತ್ತುವುದಿಲ್ಲ. ಕೆಳಗಿನ ಅಂಗಡಿಗೆ ಬೇಕಾದರೆ ಬರಲಿ!

ಹಾಗಂದುಕೊಂಡು ಗೆದ್ದೆ ಎನಿಸಬೇಕಿತ್ತು. ಯಾಕೋ ಅನಿಸಲಿಲ್ಲ.

* * *

ಮಂಗಳವಾರ ಬೆಳಿಗ್ಗೆ ಅತ್ತಿಗೆ ಕರೆದಳು. "ಪುಟ್ಟಿ, ಹಿತ್ತಲ ಬಾಗಿಲು ತೆಗೆದು ನೋಡು."

ಬಾಗಿಲಾಚೆ ಪುಟ್ಟ ಕುಂಡದಲ್ಲಿ ನಾಲ್ಕು ಹಳದಿ ಕೊಡೆಗಳು ಬಿಚ್ಚಿದ್ದವು.

"ನಾನು ಇದಕ್ಕೆ ಒಂದು ತೊಟ್ಟು ನೀರು ಹಾಕಿಲ್ಲ!"

"ನಾನು ಹಾಕಿದೀನಿ" ಎಂದಳು ಅತ್ತಿಗೆ. "ಸಿಟ್ಟು ನಿಂದು, ಬಾಯಾರಿಕೆ ಅದರದ್ದು. ಎರಡನ್ನೂ ಯಾಕೆ ಸೇರಿಸ್ಬೇಕು?"

ಅವಳು ಬಸ್ಸಿಗೆ ಓಡಿದಳು. ಕಣ್ಣು ಮಂಜಾಗಿತ್ತು.

ಅವನು ಬಂದಾಗ ಒಂಬತ್ತೂವರೆ. ಮೂಗಿನ ಮೇಲೆ ಹೊಸ ಕನ್ನಡಕ! ಅದನ್ನು ಕಂಡದ್ದೇ ಅವಳೊಳಗಿನ ಬೆಂಕಿ ಮತ್ತೆ ಭಗ್ಗೆಂದಿತು. ಆ ನೀಳ ಕುತ್ತಿಗೆಯವಳು ಆರಿಸಿಕೊಟ್ಟದ್ದು! ಚೆನ್ನಾಗಿ ಬೇರೆ ಕಾಣ್ತಿದೆ!

"ಮೇಡಂ, ಒಂದು ಮಾತು..."

"ಕುಂಡ ಅಲ್ಲಿವೆ. ತಗೊಂಡು ಹೋಗಿ."

ಅವನು ಒಂದೊಂದೇ ಕುಂಡ ಕೆಳಗಿಳಿಸತೊಡಗಿದ. ಕೊನೆಗೆ ಸ್ಟೂಲಿನ ಮೇಲಿನ ದೊಡ್ಡ ಕುಂಡ ಎತ್ತಿದಾಗ ತಟ್ಟೆ ಖಾಲಿಯಾಗಿ ಉಳಿಯಿತು. ಕಳೆದ ಮಂಗಳವಾರದಿಂದ ತಟ್ಟೆಯಲ್ಲೇ ಉಳಿದಿದ್ದ ನೀರನ್ನು ಅವಳು ಆಗಲೇ ಬಾಟಲಿಗೆ ಬಗ್ಗಿಸಿಟ್ಟಿದ್ದಳು. ಅಭ್ಯಾಸಬಲ! ಸಿಟ್ಟಿನಲ್ಲೂ ಕೈಗೆ ನೀರು ಚೆಲ್ಲಲು ಮನಸ್ಸು ಬಂದಿರಲಿಲ್ಲ.

ಬಾಟಲಿ ಹಿಡಿದು ಅವಳು ಮೆಟ್ಟಿಲ ತುದಿಗೆ ಬಂದಳು. ಬರಬಾರದೆಂದುಕೊಂಡೇ ಬಂದಳು.

ಕೆಳಗೆ ತಿರುವಿನಲ್ಲಿ ಕನ್ನಡಕದಂಗಡಿಯ ಒಡತಿ ಅವನಿಗೆ ಅಡ್ಡ ನಿಂತಿದ್ದಳು.

"ಇದೇನಿದು? ಕುಂಡ ಎಲ್ಲ ಖಾಲಿ ಮಾಡ್ತಿದೀರಾ? ಮೇಲಿನವರಿಗೆ ನಿಮ್ಮ ಬೆಲೆ ಗೊತ್ತಿಲ್ಲ ಬಿಡಿ! ನನ್ನ ಅಂಗಡಿ ಕೆಲಸ ನಡೀತಿದ್ದಾಗ ನನ್ನ ಕರಿ ಕುಂಡಗಳು ಎರಡು ತಿಂಗಳು ಇದೇ ತಿರುವಿನಲ್ಲಿ ಬಿದ್ದಿದ್ವು. ಬಡಗಿಗಳು ತಿರುಗಿ ಕೂಡ ನೋಡಿಲ್ಲ. ಸತ್ತೇ ಹೋಗಿರುತ್ತೆ ಅಂದ್ಕೊಂಡು ಬಂದ್ರೆ, ಚಿಗುರಿ ನಿಂತಿವೆ! ಪಿಂಗಾಣಿ ಕುಂಡದೊಳಗೆ ಇಳಿಸಿಟ್ಟೆ, ಅಣಬೆ ಬೇರೆ ಎದ್ದಿದೆ! ನೀವು ನೀರು ಹಾಕದೆ ಇದ್ದಿದ್ರೆ..."

"ನಾನು ಹಾಕಿಲ್ಲಮ್ಮ!" ಅವನು ಸೋತ ದನಿಯಲ್ಲಿ ಹೇಳಿದ. "ಎಷ್ಟು ಸಲ ಹೇಳ್ಲಿ ನಿಮಗೆ? ನನಗೆ ಆ ಕುಂಡ ನಿಮ್ಮದು ಅಂತಲೂ ಗೊತ್ತಿಲ್ಲ."

"ಮತ್ತೆ ಇನ್ಯಾರು ಹಾಕ್ತಾರೆ, ದೇವರಾ?"

ಮೇಲೆ ನಿಂತಿದ್ದವಳು ತಿರುವಿನತ್ತ ಬಗ್ಗಿ ನೋಡಿದಳು.

ತಿರುವಿನ ನೆಲದ ಮೇಲೆ ಇನ್ನೂ ನಾಲ್ಕು ದುಂಡನೆಯ ಕಲೆಗಳಿದ್ದವು. ಕುಂಡ ಇಟ್ಟ ಗುರುತು. ಪ್ರತಿ ಮಂಗಳವಾರ ಸಂಜೆ ಅವಳು ಬಾಟಲಿ ಬಗ್ಗಿಸುತ್ತಿದ್ದ ಜಾಗ.

"ನಾನು..." ಅವಳು ಒಂದು ಮೆಟ್ಟಿಲು ಇಳಿದಳು. "ನೀರು ಹಾಕಿದ್ದು ನಾನು."

ಇಬ್ಬರೂ ತಲೆ ಎತ್ತಿದರು. ಗಿಡದವನ ಕಣ್ಣು ಅವಳ ಕೈಯ ಬಾಟಲಿಯ ಮೇಲೆ ನಿಂತಿತು. ಆಮೇಲೆ ತನ್ನ ತೋಳಲ್ಲಿದ್ದ ದೊಡ್ಡ ಕುಂಡದ ಮೇಲೆ.

"ತಟ್ಟೆ ನೀರಾ ಮೇಡಂ? ಈ ಕುಂಡದ್ದು?"

ಅವಳು ತಲೆಯಾಡಿಸಿದಳು.

"ಹಾಗಾದ್ರೆ ಮಣ್ಣಿನಲ್ಲಿದ್ದ ಅಣಬೆ ಬೀಜ ಆ ನೀರಿನ ಜೊತೆ ಇಳಿದು ಹೋಗಿದೆ. ಕೆಳಗಿನವರಿಗೆ ಅಣಬೆ ಕೊಟ್ಟಿದ್ದು ನೀವೇ!" ಎಂದು ಅವನು ನಕ್ಕುಬಿಟ್ಟ.

ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಯಾವ ಅಣಬೆಯನ್ನು ಸಾಕ್ಷಿ ಎಂದು ನಂಬಿ ಹೊಟ್ಟೆ ಉರಿದುಕೊಂಡಿದ್ದಳೋ, ಅದಕ್ಕೆ ವಾರವಾರ ನೀರೆರೆದು ಬೆಳೆಸಿದವಳು ತಾನೇ!

"ಅಯ್ಯೋ ದೇವರೇ, ನೀವಾ!" ಒಡತಿ ಮೆಟ್ಟಿಲು ಹತ್ತಿ ಬಂದು ಅವಳ ಕೈ ಹಿಡಿದಳು. "ಉಪಕಾರ ಮಾಡಿದೋರು ಮೇಲೆ, ನಾನು ಹಲ್ಲುಗಿಂಜಿದ್ದು ಇವರಿಗೆ! ಇವರೋ ವಿಚಿತ್ರ. ಎರಡು ಸಲ ಗಾಜು ಬದಲಾಯಿಸಿದೆ. ಪೇಪರ್ ಓದೋಕೆ ಬಂದ್ರೆ ಸಾಲದು, ಇನ್ನೂ ಸಣ್ಣದು ಕಾಣ್ಬೇಕು ಅಂತಾರೆ. ಏನು ಓದೋದು, ತೋರಿಸಿ ಅಂದ್ರೆ ಜೇಬು ಮುಚ್ಕೋತಾರೆ. ಯಾರ ಮುಂದೆಯೂ ಓದ್ಬೇಡಿ ಅಂದಿದ್ದಾರಂತೆ!"

ಹೇಳಿದವಳು ಇಬ್ಬರ ಮುಖವನ್ನೂ ನೋಡಿದಳು. "ಅಂಗಡೀಲಿ ಗಿರಾಕಿ ಕಾಯ್ತಿದ್ದಾರೆ" ಎಂದು ಸರಸರ ಇಳಿದು ಹೋದಳು.

ಅಂಗಡಿಯಲ್ಲಿ ಯಾರೂ ಇರಲಿಲ್ಲ.

ಅವನು ಕುಂಡ ಕೆಳಗಿಟ್ಟು, ಅವಳಿಗಿಂತ ಎರಡು ಮೆಟ್ಟಿಲು ಕೆಳಗೆ ಕೂತ.

"ನನಗೆ ನಲವತ್ತೆರಡು ಮೇಡಂ. ಸಣ್ಣ ಅಕ್ಷರ ಕಾಣ್ತಿರ್ಲಿಲ್ಲ. ಹೇಳಿದ್ರೆ ಮುದುಕ ಅಂದ್ಕೋತೀರೇನೋ ಅಂತ... ಪಟ್ಟಿಗಳನ್ನೆಲ್ಲ ಮನೇಲಿ ಅಕ್ಕ ಓದಿ ಹೇಳ್ತಿದ್ಳು. ಆ ದಿನ ನೀವು ಒಬ್ಬರೇ ಓದಿ ಅಂದ್ರಿ. ಅಕ್ಕನ ಕೈಗೆ ಹೇಗೆ ಕೊಡ್ಲಿ?"

"ನನ್ನನ್ನೇ ಕೇಳ್ಬಹುದಿತ್ತಲ್ಲ!"

"ಕೇಳೋಕೆ ಬಂದೆ. ನೀವು ಟೋಕನ್ ಹನ್ನೊಂದು ಅಂದ್ರಿ."

ಅವಳು ಅಳುತ್ತಲೇ ನಕ್ಕಳು.

"ನಿನ್ನೆ ಸಂಜೆ ಗಾಜು ಸರಿಯಾಯ್ತು. ಓದಿದೆ. 'ಬೇಡವೆಂದರೆ ಏನೂ ಹೇಳಬೇಡಿ.' ಎದೆ ಧಸಕ್ಕಂತು ಮೇಡಂ! ಹದಿಮೂರು ದಿನದಿಂದ ನಾನು ಏನೂ ಹೇಳೇ ಇಲ್ಲ!"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಇನ್ನೊಂದು ಮಾತು ಬಾಕಿ ಇತ್ತು. ಅದನ್ನು ನುಂಗಿಕೊಂಡರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೂ ಅವಳು ಬಾಯಿ ತೆರೆದಳು.

"ಇನ್ನೊಂದು ಮಗು ಅಣಬೆ ಬಾಯಿಗೆ ಹಾಕ್ಕೊಂಡಿತು ಅಂದಿದ್ದು... ಸುಳ್ಳು. ನಾನು ಕಟ್ಟಿ ಹೇಳಿದ್ದು. ಕೆಳಗೆ ಅಣಬೆ ನೋಡಿ... ನೀವು ಆ ಮಣ್ಣು ಅವರಿಗೂ ಕೊಟ್ಟಿದೀರಿ ಅಂದ್ಕೊಂಡು..."

ಅವನ ನಗು ಆರಿತು. ಅವನು ತನ್ನ ಅಂಗೈ ನೋಡಿಕೊಂಡ.

"ಮೂರು ದಿನದಿಂದ ನನಗೆ ಊಟ ಸೇರಿಲ್ಲ" ಎಂದ ಮೆಲ್ಲಗೆ. "ಯಾರ ಮಗುವೋ, ಏನಾಯ್ತೋ ಅಂತ. ಇವತ್ತು ಬಂದಾಗ ಮೊದಲು ಅದನ್ನೇ ಕೇಳ್ಬೇಕು ಅಂತಿದ್ದೆ."

ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಈ ಮಾತನ್ನು ತಡೆಯಲಾಗಲಿಲ್ಲ.

"ತಪ್ಪಾಯ್ತು..." ಎಂದಳು. "ದೊಡ್ಡ ತಪ್ಪಾಯ್ತು. ನೀವು ಕ್ಷಮಿಸಿದ್ರೂ ಸರಿ, ಬಿಟ್ರೂ ಸರಿ, ಮೊದಲು ನಾನು ಇದನ್ನ ಸರಿ ಮಾಡ್ತೀನಿ."

ಎದ್ದು ಮೆಟ್ಟಿಲು ಹತ್ತಿದಳು. ಕಾದು ಕೂತಿದ್ದ ಆರು ಮಂದಿಯ ಎದುರೇ ಒಳಕೋಣೆಯ ಬಾಗಿಲು ತಳ್ಳಿದಳು.

"ಡಾಕ್ಟರಮ್ಮ, ನಾನು ಸುಳ್ಳು ಹೇಳಿದೆ. ಮೊನ್ನೆ ಯಾವ ಮಗುವೂ ಅಣಬೆ ಮುಟ್ಟಿಲ್ಲ. ಗಿಡದವರದ್ದು ಏನೂ ತಪ್ಪಿಲ್ಲ. ಬೇಕಾದ್ರೆ ನನ್ನನ್ನ ಕೆಲಸದಿಂದ ತೆಗ್ದುಬಿಡಿ. ಕುಂಡ ಮಾತ್ರ ಇರಲಿ."

ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದ ರೋಗಿಯೂ ಕಣ್ಣು ತಿರುಗಿಸಿ ನೋಡಿದ.

ಡಾಕ್ಟರಮ್ಮ ನಿಧಾನವಾಗಿ ಮಾಸ್ಕ್ ಇಳಿಸಿದರು. "ಹಲ್ಲುನೋವಿಗೂ ಹೊಟ್ಟೆಕಿಚ್ಚಿಗೂ ವ್ಯತ್ಯಾಸ ತಿಳೀದೆ ಮೂವತ್ತು ವರ್ಷ ಈ ಕೆಲಸ ಮಾಡಿದೀನಾ? ನೀನಾಗಿ ಬಂದು ಹೇಳ್ಲಿ ಅಂತ ಕಾಯ್ತಿದ್ದೆ. ಇವತ್ತು ಸಂಜೆವರೆಗೂ ಬರದೇ ಹೋಗಿದ್ರೆ ಬೇಜಾರಾಗ್ತಿತ್ತು." ಮತ್ತೆ ಮಾಸ್ಕ್ ಏರಿಸಿದರು. "ಹೋಗು, ನರ್ಸರಿಗೆ ನಾನೇ ಹೇಳ್ತೀನಿ. ಮುಖ ತೊಳ್ಕೊಂಡು ಟೋಕನ್ ಕೂಗು. ಸರಿಯಾದ ನಂಬರ್ ಕೂಗು."

ಅವಳು ಹೊರಬಂದಾಗ ಗಿಡದವನು ಬಾಗಿಲಲ್ಲೇ ನಿಂತಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದ. ದೊಡ್ಡ ಕುಂಡ ಮತ್ತೆ ಅವನ ತೋಳಿನಲ್ಲಿತ್ತು.

ಅವನು ಅದನ್ನು ಸ್ಟೂಲಿನ ಮೇಲಿಟ್ಟ. ಅವಳು ತಟ್ಟೆ ಸರಿಪಡಿಸಿದಳು. ಒಂದೇ ಕುಂಡದ ಎರಡು ಬದಿಗೆ ಇಬ್ಬರ ಕೈ.

"ಸಿಟ್ಟಿದೆಯಾ?" ಅವಳು ಪಿಸುಗುಟ್ಟಿದಳು.

"ಇದೆ ಸ್ವಲ್ಪ" ಎಂದ ಅವನು. "ನಾಳೆ ಸಂಜೆಗೆ ಮುದುಡಿ ಹೋಗುತ್ತೆ. ಅಷ್ಟೇ ಅದರ ಆಯಸ್ಸು."

ಅವಳ ಕಣ್ಣು ಮತ್ತೆ ತುಂಬಿತು.

"ಒಂದು ಮಾತು ಹೇಳ್ತೀನಿ, ನಗಬಾರದು" ಎಂದಳು. "ಆ ಕನ್ನಡಕ ಒರೆಸೋಕೆ ಬಟ್ಟೆ ಬೇಕಾದ್ರೆ ನನ್ನನ್ನ ಕೇಳಿ. ಕೆಳಗೆ ಹೋಗ್ಬೇಡಿ."

ಅವನು ನಗಲಿಲ್ಲ. ಕನ್ನಡಕ ತೆಗೆದು ಅವಳ ಕೈಗಿಟ್ಟ. ಅವಳು ಸೆರಗಿನ ತುದಿಯಿಂದ ನಿಧಾನವಾಗಿ ಒರೆಸಿ ಕೊಟ್ಟಳು.

ಅವನು ಜೇಬಿನಿಂದ ಒಂದು ಬಿಳಿ ಪಟ್ಟಿ ತೆಗೆದು ಅಣಬೆಯ ಕುಂಡಕ್ಕೆ ಸಿಕ್ಕಿಸಿದ. ನಿನ್ನೆ ಸಂಜೆಯೇ ಬರೆದು ತಂದದ್ದು. ಪಟ್ಟಿ ತುಂಬ ಒಂದೇ ಪದ, ದಪ್ಪ ದಪ್ಪ ಅಕ್ಷರದಲ್ಲಿ.

"ಬನ್ನಿ."

ಅವಳು ಅದನ್ನು ಬೆರಳಿನಿಂದ ಸವರಿದಳು. "ಇಷ್ಟು ದೊಡ್ಡ ಅಕ್ಷರ ಯಾಕೆ? ನನಗೆ ಕಣ್ಣು ಚೆನ್ನಾಗೇ ಕಾಣುತ್ತಲ್ಲ."

"ಈಗ ಕಾಣುತ್ತೆ. ಮುಂದೆ ನಮಗೆ ವಯಸ್ಸಾಗುತ್ತಲ್ಲ... ಆಗಲೂ ನಿಮಗೆ ಓದೋಕೆ ಬರಲಿ ಅಂತ."

"ಆಗ ನಾನು ಓದಲ್ಲ" ಎಂದಳು ಅವಳು. "ನೀವೇ ಪಕ್ಕದಲ್ಲಿ ಕೂತು ಓದಿ ಹೇಳಿ."